ರಾಕೆಟ್ಟಿನ ಕೆಳಗಿನ ನಿಂಬೆಹಣ್ಣು

ನನ್ನ ಮೊಮ್ಮಗಳ ಕಾದಂಬರಿ ಅಚ್ಚಾಗುತ್ತಿದೆ! ಇವತ್ತು ಮಧ್ಯಾಹ್ನ ಪ್ರಕಾಶಕರೇ ಫೋನ್ ಮಾಡಿ ಹೇಳಿದರು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಇನ್ನೂ ಯಾರಿಗಾದರೂ ಗೊತ್ತಾಗಿಲ್ಲವೆಂದರೆ ಅದು ಅವರ ಕಿವಿಯ ದೋಷ. ನಾನಂತೂ ಬಾಗಿಲು ಬಾಗಿಲಿಗೆ ನಿಂತು ಕೂಗಿ ಬಂದಿದ್ದೇನೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಆಮೇಲೆ ಲಾರಿ ಓಡಿಸಿದೆ. ಸ್ಟೇರಿಂಗ್ ಬಿಟ್ಟ ಮೇಲೆ, ಮೊಮ್ಮಗಳು ಲೈಬ್ರರಿಯಿಂದ ತರುವ ವಿಜ್ಞಾನ ಕಾದಂಬರಿಗಳ ಚಟ ಹತ್ತಿತು. ಸಾಲಿಗೊಂದು ಬ್ರೇಕ್ ಹಾಕುತ್ತ ಓದುತ್ತೇನೆ. ಅಭಿಪ್ರಾಯಕ್ಕೆ ಮಾತ್ರ ಬ್ರೇಕ್ ಇಲ್ಲ.

ಹಳೆಯ ಕಾದಂಬರಿಗಳಲ್ಲಿ ರಾಕೆಟ್ಟು ಚಂದ್ರನ ತನಕ ಹೋಗಿ ಬಂದರೂ ಎಲ್ಲಿಯೂ ಕೆಟ್ಟು ನಿಲ್ಲುವುದಿಲ್ಲ. ಕ್ಲೀನರ್ ಇಲ್ಲ. ಚಹಾಕ್ಕೆ ನಿಲ್ಲಿಸುವುದೂ ಇಲ್ಲ. ನಾನು ಚಹಾ ಕುಡಿಯದೆ ಹತ್ತಿರದ ಯರಗಟ್ಟಿಯನ್ನೇ ದಾಟಿದವನಲ್ಲ. ಚಂದ್ರನಲ್ಲಿ ಸಿಗುವ ಹಸಿರು ಮೈಯ ಜನ ನಮ್ಮ ಮಾಸ್ತರರಿಗಿಂತ ಶುದ್ಧವಾದ ಕನ್ನಡ ಮಾತಾಡುತ್ತಾರೆ. ಈಗಿನ ಕಾದಂಬರಿಗಳದು ಬೇರೆ ಕಥೆ. ಮೊದಲ ಪುಟದಲ್ಲೇ ಭೂಮಿ ಮುಗಿದುಹೋಗಿರುತ್ತದೆ. ಗಾಡಿ ತಾನೇ ಓಡುತ್ತದೆ, ಓಡುತ್ತಲೇ ‘ನಾನು ಯಾರು’ ಎಂದು ಅಳುತ್ತದೆ. ನನ್ನ ಲಾರಿ ಎಂದೂ ಹಾಗೆ ಕೇಳಲಿಲ್ಲ, ಡೀಸೆಲ್ ಕೇಳಿತು. ಆದರೂ ಹೊಸಬರು ಗಾಡಿ ಕೆಡುತ್ತದೆ ಎಂಬುದನ್ನಾದರೂ ಒಪ್ಪುತ್ತಾರೆ, ಆ ಮಟ್ಟಿಗೆ ಮೆಚ್ಚಬೇಕು.

ಒಂದು ಮಾತ್ರ ಹಳಬರೂ ಮರೆತಿದ್ದಾರೆ, ಹೊಸಬರೂ ಮರೆತಿದ್ದಾರೆ. ಹೊರಡುವಾಗ ಗಾಲಿಯ ಕೆಳಗೆ ನಿಂಬೆಹಣ್ಣು. ನಮ್ಮ ಕಡೆ ಯಾವ ಜಾತಿಯ ಡ್ರೈವರನೇ ಇರಲಿ, ಹೊಸ ಗಾಡಿ ನಿಂಬೆಹಣ್ಣಿನ ಮೇಲೆ ಹಾಯದೆ ಜಾಗ ಬಿಡುವುದಿಲ್ಲ. ನಾನು ಬಿಸ್ಮಿಲ್ಲಾ ಎಂದು ಹಾಯಿಸುತ್ತಿದ್ದೆ.

ಮೊಮ್ಮಗಳು ಮಂಗಳ ಗ್ರಹದ ಪ್ರಯಾಣ ಬರೆದು ಓದಿ ಹೇಳಿದಾಗಲೂ ಅದನ್ನೇ ಕೇಳಿದೆ:

“ನಿಂಬಿಹಣ್ಣ ಎಲ್ಲೈತಿ?”

“ದಾದಾ, ರಾಕೆಟ್ಟಿಗೆ ಗಾಲಿನ ಇಲ್ಲ!”

“ಗಾಲಿ ಇಲ್ದ ಗಾಡಿಗೆ ಎರಡ ಇಡಬೇಕ ಬೇಟಾ. ಅದಕ್ಕ ಬ್ರೇಕೂ ಇರೂದಿಲ್ಲ.”

ಬಿದ್ದು ಬಿದ್ದು ನಕ್ಕಳು. ಆದರೆ ಬರೆದಳು. ಅವಳ ಕಥೆಯ ಕ್ಯಾಪ್ಟನ್ ನಮ್ಮ ಕಡೆಯ ಕಟಕೋಳದ ಹೆಣ್ಣುಮಗಳು. ರಾಕೆಟ್ಟಿನ ಬುಡದಲ್ಲಿ ನಿಂಬೆಹಣ್ಣು ಇಟ್ಟು, ಬೆರಳಿಗೆ ಹತ್ತಿದ ವಾಸನೆಯನ್ನು ಮೂಸುತ್ತ ಮಂಗಳಕ್ಕೆ ಹೋಗುತ್ತಾಳೆ.

ಪ್ರಕಾಶಕರು, “ಕಾದಂಬರಿ ಚೆನ್ನಾಗಿದೆ. ವಿಜ್ಞಾನದಲ್ಲಿ ನಿಂಬೆಹಣ್ಣು ಬೇಡ, ತೆಗೆದರೆ ಅಚ್ಚು ಮಾಡುತ್ತೇವೆ” ಎಂದರು. ಇವಳು ಒಲ್ಲೆ ಎಂದಳು. ಆ ಕಡೆಯಿಂದ ಸುದ್ದಿಯೇ ನಿಂತಿತು.

“ಮಾವಾರ, ನಿಮ್ಮ ಲಾರಿ ಈ ಹುಡುಗಿ ಪುಸ್ತಕದ ಮ್ಯಾಲ ಹಾಯ್ತ ನೋಡ್ರಿ,” ಎಂದಳು ಸೊಸೆ.

ನನಗೆ ಊಟ ಸೇರಲಿಲ್ಲ. “ತಗದ ಬಿಡ ಬೇಟಾ, ಪುಸ್ತಕ ಬರ್ಲಿ,” ಎಂದೆ.

“ಅದನ್ನ ತಗದ್ರ ಆಕಿ ಕಟಕೋಳದಾಕಿ ಹೆಂಗ ಆಗ್ತಾಳ, ದಾದಾ?”

ಇವತ್ತು ಆ ಪ್ರಕಾಶಕರೇ ಫೋನಿನಲ್ಲಿ ನಗುತ್ತ ಅವಳಿಗೆ ಹೇಳಿದರು: “ನಿಂಬೆಹಣ್ಣು ಇರಲಿ ಬಿಡಮ್ಮ. ನಿನ್ನೆ ಹೊಸ ಕಾರು ತಂದೆ. ಶೋರೂಮಿನವರು ಮರೆತಿದ್ದರು, ನಾನೇ ಕೇಳಿ ಇಡಿಸಿದೆ.”

ಸಂಜೆ ಎಲ್ಲರೂ ಸುತ್ತ ಕುಳಿತೆವು. ನಮ್ಮಾಕೆ ಪಲಾವ್ ಬಡಿಸಿದಳು. ಸೊಸೆ ನಿಂಬೆಹಣ್ಣು ಹಿಡಿದು ನನ್ನೆದುರು ನಿಂತಳು.

“ಮಾವಾರ, ಹೆಚ್ಚಲೇನ್ರಿ, ಇಲ್ಲಾ ನಿಮ್ಮ ತಾಟಿನ ಕೆಳಗ ಇಡಲೇನ್ರಿ?”

ಮೊಮ್ಮಗಳು ಅದನ್ನು ಕಸಿದುಕೊಂಡು ಹೆಚ್ಚಿ, ಎಲ್ಲರ ತಾಟಿಗೂ ಹಿಂಡಿದಳು.