ಬಿತ್ತಿದವನಿಗೆ ಬರೆದ ಪದ

ಹೋದ ತಿಂಗಳು ಕನ್ನಡಕ ಮಾಡಿಸಲು ವಾಡಿಗೆ ಹೋಗಿದ್ದೆ. ಅಂಗಡಿಯವನು ಮೇಜಿನ ಖಾನೆಯಿಂದ ಹಿತ್ತಾಳೆ ಹಿಡಿಕೆಯ ಹಳೆಯ ಭೂತಗನ್ನಡಿಯೊಂದನ್ನು ತೆಗೆದು, ಇದರಲ್ಲಿ ಸಣ್ಣಕ್ಷರ ಕಾಣುತ್ತದೆಯೇ ನೋಡಿ ಎಂದು ಕೈಗಿಟ್ಟ. ನಾನು ಅಕ್ಷರ ನೋಡಲಿಲ್ಲ. ಅಂಥದೇ ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಕಾಗದದ ಮೇಲೆ ಬಲದಿಂದ ಎಡಕ್ಕೆ ಕಣ್ಣು ಸರಿಸುತ್ತಿದ್ದ ಹಿರಿಯರೊಬ್ಬರು ನೆನಪಾದರು...

ಎಪ್ಪತ್ತರ ದಶಕದ ನಡುವಿನ ಮಾತು. ನಾನು ತಾಲ್ಲೂಕು ಕಚೇರಿಯೊಂದರಲ್ಲಿ ಹೊಸದಾಗಿ ಗುಮಾಸ್ತನಾಗಿದ್ದೆ. ಆ ಹಿರಿಯರ ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದೆ. ಓಣಿಗೆಲ್ಲ ಅವರು ಮುನ್ಷಿ. ನಾನು ಚಾಚಾ ಎನ್ನುತ್ತಿದ್ದೆ. ಹೈದರಾಬಾದಿನ ಆಡಳಿತವಿದ್ದಾಗ ಊರ ಲೆಕ್ಕ ಬರೆಯುವ ಪಟವಾರಿಯ ಕೈಕೆಳಗೆ ಕೂತು ಜಮೀನಿನ ಕಾಗದಗಳನ್ನು ಉರ್ದುವಿನಲ್ಲಿ ಬರೆಯುತ್ತಿದ್ದವರು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕಚೇರಿಗೆ ಕನ್ನಡ ಬಂದ ಮೇಲೆ ಅವರ ಅಕ್ಷರ ಯಾರಿಗೂ ಬೇಡವಾಯಿತು. ಇಪ್ಪತ್ತು ವರ್ಷ ಅವರಿವರ ಪತ್ರ ಬರೆದುಕೊಟ್ಟು ದಿನ ನೂಕಿದ್ದರು.

ಆಮೇಲೆ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂತು. ಯಾರು ಯಾವ ಹೊಲ ಮಾಡುತ್ತಿದ್ದರು ಎಂಬುದಕ್ಕೆ ಹಳೆಯ ಕಾಗದಗಳೇ ಸಾಕ್ಷಿ. ಅವುಗಳ ಗೀಚು ಬರಹ ಓದಬಲ್ಲವರು ಚಾಚಾ ಒಬ್ಬರೇ. ನ್ಯಾಯಮಂಡಳಿ ಕೂಡುವ ದಿನ ಅವರನ್ನು ಕಚೇರಿಗೆ ಕರೆಸತೊಡಗಿದರು. ಹಿಂದಿನ ದಿನವೇ ಶೇರವಾನಿ ಇಸ್ತ್ರಿ ಮಾಡಿಸಿ ಗೂಟಕ್ಕೆ ತೂಗುಹಾಕುತ್ತಿದ್ದರು. ಅವರು ಓದಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ.

ಸಂಜೆ ಕಟ್ಟೆಯ ಮೇಲೆ ಕೂತರೆ ಪದಗಳ ಮಾತು. ನಾವು ದಿನಕ್ಕೆ ನೂರು ಸಲ ಬರೆಯುವ ರೈತ ಎಂಬ ಪದ ಅರಬ್ಬಿಯಿಂದ ಬಂದದ್ದೆಂದು ನನಗೆ ತಿಳಿದದ್ದು ಅವರಿಂದ. ರಯ್ಯತ್ ಎಂದರೆ ಮೊದಲಿಗೆ ಕಾಯುವವನ ಕೈಕೆಳಗೆ ಮೇಯುವ ಹಿಂಡು; ಆಮೇಲೆ ದೊರೆಯ ಕೈಕೆಳಗಿನ ಜನ; ಕೊನೆಗೆ ಹೊಲ ಮಾಡುವವನು. ಕಾಷ್ತಕಾರ ಎಂಬುದು ಪಾರಸಿ. ಕಾಷ್ತ್ ಎಂದರೆ ಬಿತ್ತನೆ, ಕಾಷ್ತಕಾರ ಎಂದರೆ ಬಿತ್ತುವವನು. ನಿಮ್ಮ ಕನ್ನಡದಾಗ ಏನಂತೀರಿ ಎಂದು ಅವರು ಕೇಳಿದಾಗ ನಾನು ಒಕ್ಕಲಿಗ ಎಂದೆ. ನಮ್ಮ ಕಡೆ ಜಾತಿಯ ಲೆಕ್ಕವಿಲ್ಲದೆ ಹೊಲ ಮಾಡುವವರಿಗೆಲ್ಲ ಆ ಮಾತಿದೆ. ಕಣದಲ್ಲಿ ತೆನೆ ಬಡಿದು ಕಾಳು ಬಿಡಿಸುವುದು ಒಕ್ಕುವುದು. ಅದರಿಂದ ಬಂತೆಂದು ಕೆಲವರು ಹೇಳುತ್ತಾರೆ. ಒಕ್ಕಲು ಎಂದರೆ ಒಂದು ಜಾಗದಲ್ಲಿ ನೆಲೆನಿಂತ ಮನೆತನ, ಅದರಿಂದ ಬಂತೆಂದು ಇನ್ನು ಕೆಲವರು. ಚಾಚಾ ಬಹಳ ಹೊತ್ತು ತಲೆದೂಗಿದರು.

“ನಿಮ್ದು ಭಾಳ ಛಲೋ ಪದ ಅದ. ಅದರಾಗ ಮನಿ ಅದ. ನಮ್ಮ ರಯ್ಯತ್‌ದಾಗ ಕಾಯೋನು ಇದ್ದಾನ, ಮನಿ ಇಲ್ಲ.”

ಕಾಗಿಣಾ ನದಿಯ ದಂಡೆಯ ಒಂದು ಊರಿನಿಂದ ಒಬ್ಬ ವಿಧವೆ ಬಂದದ್ದು ಆ ಬೇಸಿಗೆಯಲ್ಲೇ. ಮಾವನ ಕಾಲದಿಂದ ಅವರ ಮನೆಯವರು ಊರ ಧಣಿಯ ಹೊಲವನ್ನು ಬೆಳೆಯ ಪಾಲಿಗೆ ಮಾಡುತ್ತಿದ್ದರು. ಗಂಡ ಸತ್ತ ಮೇಲೆ ಆಕೆಯೇ ಮಾಡುತ್ತಿದ್ದಳು. ಅದೇ ಧಣಿಯ ಇನ್ನಿಬ್ಬರು ಪಾಲುದಾರರಿಗೆ ಹಿಂದಿನ ತಿಂಗಳಷ್ಟೇ ಹೊಲ ಸಿಕ್ಕಿತ್ತು. ಹಳೆಯ ಕಾಗದದಲ್ಲಿ ಅವರ ತಂದೆಯರ ಹೆಸರು ಪಾಲುದಾರರೆಂದೇ ಇತ್ತು, ಚಾಚಾ ಓದಿ ಹೇಳಿದ್ದರು. ಈಕೆಯೂ ಅದೇ ಧೈರ್ಯದಲ್ಲಿ ಬಂದಿದ್ದಳು. ಏನು ಕೆಲಸ ಎಂದು ಕೇಳಿದಾಗ, ನಾವು ಒಕ್ಕಲುತನ ಮಾಡೋರ್ರಿ ಎಂದಳು. ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕಲ್ಲು ತಾಗಿ ಕೂರಿಗೆ ಎಗರುತ್ತದೆ, ಎಲ್ಲಿ ತೊಗರಿ ಏಳುವುದಿಲ್ಲ ಎಂದೆಲ್ಲ ಹೇಳಿದಳು. ಧಣಿಯನ್ನು ಹೋದ ವರ್ಷ ಅಲ್ಲಿ ಏನು ಬಿತ್ತಿದ್ದಿರಿ ಎಂದು ಕೇಳಿದರೆ, ಆತ ಹಿಂದೆ ನಿಂತ ತನ್ನ ಕಾರಭಾರಿಯ ಮುಖ ನೋಡಿದ. ಊರಿನಿಂದ ಆಕೆಯ ಪರ ಒಬ್ಬರೂ ಸಾಕ್ಷಿಗೆ ಬಂದಿರಲಿಲ್ಲ.

ಕಾಗದ ತೆಗೆದರು. ಚಾಚಾ ಭೂತಗನ್ನಡಿ ಹಿಡಿದು ಬಗ್ಗಿದರು. ಓದಲಿಲ್ಲ. ನೀರು ಕೇಳಿ ಕುಡಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಓದಿದರು: ಖುದ್ ಕಾಷ್ತ್, ಮುಲಾಜಿಮ್ ಮೂಲಕ. ಅಂದರೆ ಧಣಿಯದೇ ಸ್ವಂತ ಬಿತ್ತನೆ, ಆಳಿನ ಕೈಯಿಂದ. ಆಳೆಂದು ಬರೆದದ್ದು ಆಕೆಯ ಗಂಡನ ಹೆಸರು. ಕಾನೂನು ಪಾಲುದಾರನಿಗೆ ಹೊಲ ಕೊಡುತ್ತಿತ್ತು, ಆಳಿಗಲ್ಲ. ನಾನು ಆಳು ಎಂದೇ ಬರೆದುಕೊಂಡೆ. ತೀರ್ಮಾನವನ್ನು ಮುಂದಿನ ವಾರಕ್ಕೆ ಇಟ್ಟರು.

ಅಂದು ಸಂಜೆ ಚಾಚಾ ಕಟ್ಟೆಗೆ ಬರಲಿಲ್ಲ. ಒಳಗೆ ಹೋದೆ. ಶೇರವಾನಿ ಕಳಚದೆ ಹಾಗೇ ಕೂತಿದ್ದರು.

“ಆ ಅಕ್ಷರ ನಂದೇ ಅದ,” ಎಂದರು. “ನಾನೇ ಬರದೀನಿ.”

ಹೊಲಗಳನ್ನು ನೋಡಿ ಬರೆಯಬೇಕಿದ್ದ ಪಟವಾರಿ, ಊರ ಧಣಿಯ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಬರೆಸಿದ್ದನಂತೆ. ಈ ಹೊಲದ್ದು ಮಾತ್ರ ನನ್ನದೇ ಸ್ವಂತ ಬಿತ್ತನೆಯೆಂದು ಬರೆಯಿರಿ ಎಂದು ಧಣಿ ಹೇಳಿದ್ದನಂತೆ. ಪಟವಾರಿ ಹ್ಞೂಂ ಎಂದ, ಇವರು ಬರೆದರು. ಆಕೆಯ ಗಂಡ ಆಗ ಬಾಗಿಲ ಹೊರಗೆ ಜೋಡು ಕಳಚಿ ನಿಂತಿದ್ದನಂತೆ. ಬರೆದದ್ದು ಮುಗಿದ ಮೇಲೆ, ನನ್ನ ಹೆಸರು ಬಂತೇನ್ರಿ ಎಂದು ಕೇಳಿದನಂತೆ. ಬಂದದ ಎಂದು ಇವರು ಹೇಳಿದರಂತೆ. ಆತ ಕೈಮುಗಿದು ಹೋದನಂತೆ...

ಮುಂದಿನ ವಾರ ಮಂಡಳಿಯ ಮುಂದೆ ನಿಂತು ಇದನ್ನು ಹೇಳಿಬಿಡುತ್ತೇನೆ ಎಂದರು. ನಾನೇನು ಹೇಳಿದೆ? ನನಗೆ ನೌಕರಿ ಹೊಸದು. ಅವರ ಮಗ್ಗುಲಲ್ಲೇ ಕೂತು ಬರೆಯುವವನು.

“ಸುಮ್ನಿರ್ರಿ ಚಾಚಾ,” ಎಂದೆ. “ಈಗ ಹೇಳಿದ್ರ ನಿಮಗೇ ತ್ರಾಸ ಆಗ್ತದ.”

ಅವರು ಸುಮ್ಮನಿರಲಿಲ್ಲ. ಮುಂದಿನ ವಾರ ಕರೆಯುವ ಮುಂಚೆಯೇ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಒಂದು ಮಾತೂ ಬಿಡಲಿಲ್ಲ. ಆ ವಿಧವೆ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಮಂಡಳಿಯವರು ಪರಸ್ಪರ ಮುಖ ನೋಡಿಕೊಂಡರು.

ಧಣಿ ಸಿಟ್ಟಾಗಲಿಲ್ಲ. ನಿಧಾನವಾಗಿ ಕೇಳಿದ: “ಮುನ್ಷಿ, ಇದು ಸುಳ್ಳಂದ್ರ, ಅದೇ ದಿನ ಅದೇ ಕೈಲೆ ಬರದ ಉಳಿದ ಸಾಲು ಖರೆ ಅಂತ ಹ್ಯಾಂಗ ನಂಬಬೇಕ್ರಿ? ಯಾವ ಹೊಲಕ್ಕ ಹೋಗಿ ನೋಡಿ ಬರದೀರಿ?”

ಒಂದಕ್ಕೂ ಹೋಗಿರಲಿಲ್ಲ. ಹೊಲ ಸಿಕ್ಕ ಆ ಇಬ್ಬರು ಪಾಲುದಾರರು ಅಂದು ಬಾಗಿಲ ಬಳಿ ಕೂತಿದ್ದರು. ಅವರ ಹೊಲಕ್ಕೂ ಅದೇ ಕಾಗದವೇ ಆಧಾರ. ಆ ಕೈ ಸುಳ್ಳೆಂದಾದರೆ ಅವರ ತೀರ್ಮಾನವನ್ನೂ ಮತ್ತೆ ತೆರೆಯಬೇಕಾಗಬಹುದು ಎಂದು ಮಂಡಳಿಯ ಒಬ್ಬ ಸದಸ್ಯರು ಹೇಳಿದರು. ಇಬ್ಬರೂ ಎದ್ದು ನಿಂತರು. ಒಬ್ಬ ಕೈಮುಗಿದ. ಚಾಚಾ ಅವರನ್ನು ನೋಡಿದರು, ಆಕೆಯನ್ನು ನೋಡಿದರು.

“ವಯಸ್ಸಾಗ್ಯದ್ರಿ,” ಎಂದರು ಕೊನೆಗೆ. “ನೆನಪು ತಪ್ಪಿರಬೇಕು. ಬರದದ್ದು ಬರದಂಗೇ ಇರ್ಲಿ.”

ನಾನು ಅದನ್ನೂ ಬರೆದುಕೊಂಡೆ. ಆಕೆಯ ಅರ್ಜಿ ವಜಾ ಆಯಿತು. ಮಳೆಗಾಲಕ್ಕೆ ಮುಂಚೆ ಧಣಿ ಆಕೆಯನ್ನು ಹೊಲದಿಂದ ಒಕ್ಕಲೆಬ್ಬಿಸಿದ. ಆ ಮಾತನ್ನು ಮೊದಲೂ ಎಷ್ಟೋ ಸಲ ಕೇಳಿದ್ದೆ, ಬರೆದಿದ್ದೆ. ಅದರೊಳಗೆ ಏನಿದೆ ಎಂದು ಆ ವರ್ಷ ತಿಳಿಯಿತು.

ಚಾಚಾ ಮತ್ತೆ ಕಚೇರಿಗೆ ಬರಲಿಲ್ಲ. ಕರೆದರೆ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಕಳಿಸಿದರು. ಚಳಿಗಾಲದಲ್ಲಿ ಒಂದು ಭಾನುವಾರ ನನ್ನನ್ನು ಕರೆದುಕೊಂಡು ರೈಲಿನಲ್ಲಿ ಶಹಾಬಾದಿಗೆ ಹೊರಟರು. ಆಕೆ ಅಲ್ಲಿಯ ಕಲ್ಲು ಖಣಿಯಲ್ಲಿ ಕೂಲಿಗಿದ್ದಾಳೆಂದು ಯಾರೋ ಹೇಳಿದ್ದರು. ಹುಡುಕುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹುಬ್ಬು, ಕೂದಲು, ಸೆರಗು ಎಲ್ಲ ಕಲ್ಲಿನ ಪುಡಿಯಿಂದ ಬೂದಿ ಬಣ್ಣಕ್ಕೆ ತಿರುಗಿದ್ದವು. ಚಾಚಾ ಮಾಫಿ ಕೇಳಲೆಂದೇ ಬಂದಿದ್ದರು. ಅದಕ್ಕೆ ಮೊದಲೇ ಆಕೆ ಮಾತಾಡಿದಳು.

“ಊರಾಗ ಒಬ್ರೂ ನನ್ನ ಸಲುವಾಗಿ ಬಾಯಿ ತೆರೀಲಿಲ್ರಿ. ನೀವು ತೆರದ್ರಿ. ಆದ್ರ ಹೊರಗ ಬಂದ ಮಾತು ತಿರುಗಿ ನುಂಗಬಾರದಿತ್ರಿ.” ಆಮೇಲೆ, “ಅವರಿಬ್ಬರ ಹೊಲ ಉಳೀತೇನ್ರಿ?” ಎಂದು ಕೇಳಿದಳು.

ಉಳಿಯಿತು ಎಂದೆ ನಾನು. ಆಕೆ ತಲೆಯಾಡಿಸಿ ಬುಟ್ಟಿ ಎತ್ತಿಕೊಂಡು ಕೆಳಗಿಳಿದಳು. ಹಿಂದಿರುಗುವಾಗ ರೈಲಿನಲ್ಲಿ ನಾಲವಾರಕ್ಕೆ ಹೋಗುತ್ತಿದ್ದ ಕುಟುಂಬವೊಂದು ಬುತ್ತಿ ಬಿಚ್ಚಿ ನಮಗೂ ರೊಟ್ಟಿ ಕೊಟ್ಟಿತು. ಚಾಚಾ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದರು.

ಮರುವರ್ಷ ನನಗೆ ಚಿಂಚೋಳಿಗೆ ವರ್ಗವಾಯಿತು. ಒಂದೆರಡು ಪತ್ರ ಬರೆದೆ. ಅಷ್ಟು ಬರೆಯುತ್ತಿದ್ದ ಮನುಷ್ಯನಿಂದ ಉತ್ತರ ಬರಲಿಲ್ಲ.

ಈಗ ನಾನು ನಿವೃತ್ತ. ಆ ಓಣಿಯಲ್ಲಿ ವಿಚಾರಿಸಿದರೆ ಮುನ್ಷಿ ಎಂಬವರೊಬ್ಬರಿದ್ದರೆಂದು ಯಾರಿಗೂ ಗೊತ್ತಿಲ್ಲ. ಸೇಡಂ ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ, ಆ ವಿಧವೆ ಮಾಡುತ್ತಿದ್ದ ಹೊಲವೂ ಇಲ್ಲ. ಸುಣ್ಣಕಲ್ಲು ಅಗೆದು ಅಗೆದು ಆಳದ ಬಿಳಿ ಗುಂಡಿಯಾಗಿದೆ. ಚಾಚಾ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು, ಅದಕ್ಕೇ ಮಣ್ಣಿಗೆ ಹೋಗಲಾಗಲಿಲ್ಲ ಎಂದು ಇಷ್ಟು ವರ್ಷ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಅದು ನಿಜವಲ್ಲ. ಸುದ್ದಿ ಅಂದು ಬೆಳಿಗ್ಗೆಯೇ ಬಂದಿತ್ತು. ಹತ್ತೂವರೆಗೆ ಬಸ್ಸಿತ್ತು. ನಾನು ಕಚೇರಿಗೆ ಹೋದೆ.