ಖಂಡೇಪೂಜೆಯ ದಿನ ಮಲಗಿದ್ದ ಕಂಪ್ಯೂಟರು

ನಮ್ಮದು ಲಾರಿ ಧಂದೆ. ಹಳಿಯಾಳದಲ್ಲಿ ದೊಡ್ಡ ಆಫೀಸು. ದಾಂಡೇಲಿ, ನಮ್ಮ ಕಡೆಯ ರಾಮನಗರ, ಮುಂಡಗೋಡದಲ್ಲಿ ಒಂದೊಂದು ಖೋಲಿ. ಗಂಡ ಸತ್ತ ಮೇಲೆ ಕಾಗದದಲ್ಲಿ ಮಾಲಕಿ ನಾನೇ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಸಹಿ ಮಾಡುತ್ತೇನೆ, ಲಾರಿಯ ನಂಬರು ಓದುತ್ತೇನೆ. ಧಂದೆಗೆ ಅಷ್ಟು ಸಾಕಾಗಿತ್ತು.

ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತಿನಲ್ಲಿ ಮಗ ಒಬ್ಬ ಅಂಗಡಿಯವನನ್ನು ಹಿಡಿದು ನಾಲ್ಕೂ ಕಡೆ ಕಂಪ್ಯೂಟರ್ ಕೂರಿಸಿದ. ಮುಂಡಗೋಡದಲ್ಲಿ ಬುಕ್ಕಾದ ಲೋಡು ಹಳಿಯಾಳದಲ್ಲಿ ಕಾಣುತ್ತಿತ್ತು. ಹಳಿಯಾಳದ ಕಂಪ್ಯೂಟರಿಗೆ ಕೂತವಳು ಸೊಸೆ. ಮುಂಡಗೋಡದ ಹತ್ತಿರದ ಇಂದೂರಿನ ಹುಡುಗಿ, ಬಿ.ಕಾಂ. ಓದಿದವಳು. ಅವಳ ಮೇಲೆ ನನಗೇನೂ ಪ್ರೀತಿ ಉಕ್ಕುತ್ತಿರಲಿಲ್ಲ. ರೊಟ್ಟಿ ದಪ್ಪ ಬಡಿಯುತ್ತಿದ್ದಳು, ಮಾತಿಗೆ ಮಾತು ಕೊಡುತ್ತಿದ್ದಳು. ಕೆಲಸದಲ್ಲಿ ಮಾತ್ರ ಸುಳ್ಳು ಇರಲಿಲ್ಲ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಲೋಡು ತಪ್ಪತೊಡಗಿದವು. ನಮ್ಮ ಲಾರಿ ಹೋಗಿ ನಿಲ್ಲುವ ಮೊದಲೇ ಬೇರೆ ಯಾರದೋ ಲಾರಿ ಬಂದು, ನಾವು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಬಾಡಿಗೆ ಹೇಳಿ, ಗೋವಿನಜೋಳ ತುಂಬಿಕೊಂಡು ಹೋಗಿರುತ್ತಿತ್ತು. ನಾವು ಹೇಳಿದ ಬಾಡಿಗೆ ನಮ್ಮ ಕಂಪ್ಯೂಟರಿನಲ್ಲಿತ್ತು. ಅದು ಹೊರಗಿನವರ ಕಿವಿಗೆ ಹೇಗೆ ಬಿತ್ತು? ಒಮ್ಮೆ ಹಾಗೆ ತುಂಬಿಕೊಂಡು ಹೋದ ಲಾರಿ ಸೊಸೆಯ ಅಣ್ಣನದೇ ಆಗಿತ್ತು.

ಅಂದು ಮಗ ತಾಟಿನ ಮುಂದೆ ಕೂತು ಊಟ ಮುಟ್ಟಲಿಲ್ಲ.

“ನಿಮ್ಮಣ್ಣಗ ಹೇಳಿದವ್ರು ಯಾರು?” ಎಂದು ಹೆಂಡತಿಯನ್ನು ಕೇಳಿದ.

“ನನಗೇನ್ ಗೊತ್ತು? ಅವನ ಲಾರಿ, ಅವನ್ನ ಕೇಳ್ರಿ.”

“ಕೇಳೇನಿ. ದಲಾಲ ಫೋನ್ ಮಾಡಿದ, ಬಂದ್ವಿ ಅಂತಾನ.”

“ಹಂಗಾರ ಹಂಗ ಇರಬೇಕು. ಸಾರು ಹಾಕ್ಲೋ ಬ್ಯಾಡೋ?”

ಮಗನಿಗೆ ಸಿಟ್ಟು ನೆತ್ತಿಗೇರಿತು. ನನ್ನ ಕಡೆ ತಿರುಗಿ ಅಂದ, “ಅವ್ವಾ, ಹುಬ್ಬಳ್ಳ್ಯಾಗ ಒಬ್ಬಾವ ಅದಾನ. ಕಂಪ್ಯೂಟರಿಗೆ ಹೊರಗಿನವರು ಹೊಗು ದಾರಿ ಐತೋ ಇಲ್ಲೋ ತಪಾಸ ಮಾಡು ಸಾಫ್ಟ್‌ವೇರ್ ಮಾರ್ತಾನ. ಅವನ್ನ ಕರಸ್ತೇನಿ. ದಾರಿ ಇದ್ರ ಸರಿ. ಇಲ್ಲಂದ್ರ ಮನಿಯವರ ಹೇಳ್ಯಾರಂತ ಆತು. ಆಮ್ಯಾಲ ಇಕಿ ಇಂದೂರಿಗೆ ಹೋಗ್ಲಿ.”

ಸೊಸೆ ಸಾರಿನ ಸೌಟು ಹಿಡಿದು ನಿಂತೇ ಇದ್ದಳು.

ಹುಬ್ಬಳ್ಳಿಯವನು ಬಂದ. ಟೈ ಕಟ್ಟಿದ್ದ, ಚಹಾದಲ್ಲಿ ಸಕ್ಕರೆ ಬೇಡ ಅಂದ. ಅವನ ಸಾಫ್ಟ್‌ವೇರ್ ದೂರದಿಂದಲೇ ನೆಟ್‌ವರ್ಕಿನ ಕಿಟಕಿ ಬಾಗಿಲೆಲ್ಲ ತಟ್ಟಿ ನೋಡುತ್ತದಂತೆ. ಒಂದು ಸಲ ಪುಕ್ಕಟೆ ನೋಡಿಕೊಡುತ್ತೇನೆ, ಮನಸ್ಸಿಗೆ ಬಂದರೆ ವರ್ಷದ ಲೆಕ್ಕದಲ್ಲಿ ತಗೊಳ್ಳಿ ಅಂದ.

“ಕೆಲಸದ ಹೊತ್ತಿನ್ಯಾಗ ಬ್ಯಾಡ್ರಿ, ಕಂಪ್ಯೂಟರ್ ನಿಧಾನ ಆಗ್ತಾವ. ಸೂಟಿ ಇರು ದಿನ ಹೇಳ್ರಿ,” ಅಂತ ಅವನೇ ಕೇಳಿದ.

“ಖಂಡೇಪೂಜಿ ದಿನ ಮಾಡ್ರಿ. ಅವತ್ತ ಒಂದೂ ಲಾರಿ ಹೊರಗ ಬೀಳಂಗಿಲ್ಲ,” ಅಂದ ಮಗ.

ಎಲ್ಲರಿಗೂ ಸರಿ ಅನ್ನಿಸಿತು. ನನಗೂ.

ಖಂಡೇಪೂಜೆ ಅಂದರೆ ಮಹಾನವಮಿಯ ದಿನ ನಮ್ಮಲ್ಲಿ ದುಡಿಯುವ ಸಾಮಾನಿಗೆ ಪೂಜೆ, ವಿಶ್ರಾಂತಿ. ಲಾರಿ ತೊಳೆದು ನಿಲ್ಲಿಸುತ್ತೇವೆ. ಪಾನಾ, ಜಾಕು, ಕುಡಗೋಲು ಎಲ್ಲ ಜಮಖಾನೆಯ ಮೇಲೆ ಸಾಲಾಗಿ ಕೂರುತ್ತವೆ. ಅವತ್ತು ಯಾವುದನ್ನೂ ದುಡಿಸುವಂತಿಲ್ಲ. ಆ ವರ್ಷ ಕಂಪ್ಯೂಟರಿಗೂ ಮಗ ಹಾಗೇ ಮಾಡಿಸಿದ. ಉಳಿದ ಮೂರು ಊರಿಗೂ ಫೋನು ಹಚ್ಚಿ ಹೇಳಿದ.

ಬನ್ನಿ ಹಬ್ಬ ಮುಗಿದ ಮೇಲೆ ಹುಬ್ಬಳ್ಳಿಯವನು ಚೆಂದದ ರಟ್ಟು ಹಾಕಿದ ರಿಪೋರ್ಟು ತಂದ.

“ಒಂದೂ ತೂತಿಲ್ರಿ. ನಾಲ್ಕೂ ಆಫೀಸು ಕ್ಲೀನ್.”

ಮಗ ಹೆಂಡತಿಯ ಮುಖ ನೋಡಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಕಪಾಟಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಆಮೇಲೆ ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆದ ಸದ್ದು.

ಆ ಸದ್ದು ಕೇಳುತ್ತಾ ಕೂತವಳಿಗೆ ಜಮಖಾನೆ ನೆನಪಾಯಿತು.

“ನೀ ಯಾವತ್ತ ನೋಡಿದ್ಯೋ ತಮ್ಮಾ?”

“ಖಂಡೇಪೂಜಿ ದಿನಾನ ಅವ್ವಾರ. ಮುಂಜಾನಿಂದ ಸಂಜಿತನಕ ನೋಡೇನಿ.”

“ಅವತ್ತ ಕಂಪ್ಯೂಟರ್ ಎಲ್ಲಿ ಚಾಲೂ ಇತ್ತು? ನನ್ನ ಕೈಯಾರೆ ವಿಭೂತಿ ಹಚ್ಚೇನಿ. ಇಂಟರ್ನೆಟ್ಟಿನ ಡಬ್ಬಿ ವೈರ್ ಸೈತ ಕಿತ್ತಿದ್ವಿ.”

ಅವನು ರಿಪೋರ್ಟಿನ ಹಾಳೆ ತಿರುವಿದ. ಮುಂದೆ ತಿರುವಿದ, ಹಿಂದೆ ತಿರುವಿದ. “ಯಾವ ಮಷೀನೂ ಉತ್ತರ ಕೊಟ್ಟಿಲ್ರಿ… ನಾ ಭದ್ರ ಅದಾವ ಅಂತ ತಿಳಕೊಂಡೆ.”

“ಬೀಗ ಹಾಕಿದ ಮನಿ ಬಾಗಲಾ ಬಡದು, ಒಳಗಿಂದ ಯಾರೂ ಬೈಲಿಲ್ಲ, ಭಾಳ ಸಂಭಾವಿತ ಮಂದಿ ಅಂತ ಬರಕೊಂಡ ಬಂದಿ. ಎದ್ದ ಹೋಗು.”

ಸಕ್ಕರೆ ಇಲ್ಲದ ಚಹಾ ಹಾಗೇ ಬಿಟ್ಟು ಹೋದ. ಸೊಸೆ ಹೊರಗೆ ಬರಲಿಲ್ಲ. ನಾನೇ ಬಾಗಿಲಿಗೆ ಹೋಗಿ, “ಇನ್ನೂ ಏನೂ ತಿಳಿದಿಲ್ಲ. ಸೀರಿ ತುಂಬಬ್ಯಾಡ,” ಅಂದೆ.

“ತುಂಬಿ ಆತ್ರಿ,” ಅಂದಳು.

ಟಾಯರ್ ಅಂಗಡಿಯವರು ಬೆಳಗಾವಿಯ ಒಬ್ಬನ ಹೆಸರು ಹೇಳಿದರು. ಇವನ ರೀತಿಯೇ ಬೇರೆ. ಹರಕು ಚಪ್ಪಲಿ, ಮಾತು ಕಡಿಮೆ. ತಟ್ಟಿ ನೋಡುವುದು ಒಂದು ಕೆಲಸ, ನಿಜವಾಗಿ ಒಳಗೆ ಹೊಕ್ಕು ನೋಡುವುದು ಇನ್ನೊಂದು, ಎರಡಕ್ಕೂ ಬೇರೆ ಬೇರೆ ಹತಾರ ಅಂದ. ಇದು ನನಗೆ ತಿಳಿಯಿತು. ಎತ್ತಿನ ಹಲ್ಲು ನೋಡಿ ತಂದವರು ಆಮೇಲೆ ನೊಗ ಹೂಡಿ ಹೊಲಕ್ಕೂ ಇಳಿಸಿ ನೋಡುತ್ತಾರಲ್ಲ, ಹಾಗೆ.

“ಆಯಿ, ಯಾವ ಕಂಪ್ಯೂಟರ್ ಮುಟ್ಟಬೇಕು, ಯಾವುದು ಮುಟ್ಟಬಾರದು ಅಂತ ಕಾಗದದಾಗ ಬರದು ಸಹಿ ಮಾಡ್ರಿ. ಸಹಿ ಇಲ್ದ ಹೊಕ್ಕರ ನಾನೂ ಕಳ್ಳನ.”

ಮಗ ಹಿಂದೆಮುಂದೆ ನೋಡಿದ. ನಾನು ಸಹಿ ಮಾಡಿದೆ. ದುಡಿಯುವ ದಿನವೇ ನೋಡು, ಯಾವ ದಿನ ಅಂತ ನಮಗೂ ಹೇಳಬೇಡ ಅಂದೆ.

ಒಂದು ಮಧ್ಯಾಹ್ನ ಅವನ ಫೋನು ಬಂತು. ಕೂತದ್ದು ಬೆಳಗಾವಿಯ ತನ್ನ ಖೋಲಿಯಲ್ಲಿ. “ಆಯಿ, ನಾಳಿ ಮುಂಡಗೋಡದಿಂದ ಎರಡ ಲಾರಿ ಗೋವಿನಜೋಳ, ರಾಮನಗರದಾಗ ಒಂದು ನಿಲ್ಲಸೂದೈತಿ. ಹೌದಿಲ್ಲೋ?” ಬಾಡಿಗೆ ಸಮೇತ ಹೇಳಿದ. ಒಂದೂ ತಪ್ಪಿರಲಿಲ್ಲ.

ಕಂಪ್ಯೂಟರ್ ಕೂರಿಸಿಕೊಟ್ಟ ಅಂಗಡಿಯವನು, ಕೆಟ್ಟರೆ ಮನೆಯಲ್ಲೇ ಕೂತು ದುರಸ್ತಿ ಮಾಡಲು ರಾಮನಗರದ ಕಂಪ್ಯೂಟರಿನಲ್ಲಿ ಒಂದು ದಾರಿ ಇಟ್ಟುಕೊಂಡಿದ್ದನಂತೆ. ಕೆಲಸ ಮುಗಿದ ಮೇಲೂ ಅದನ್ನು ಮುಚ್ಚಿರಲಿಲ್ಲ. ಪಾಸ್‌ವರ್ಡ್ ಅವನು ಊರೆಲ್ಲ ಹಾಕುವ ಒಂದೇ ಪಾಸ್‌ವರ್ಡ್. ರಾಮನಗರ ಹೊಕ್ಕವರಿಗೆ ಹಳಿಯಾಳ ಅಂಗೈಯಲ್ಲಿ.

ಆ ದಾರಿ ಮುಚ್ಚಲು ಬೆಳಗಾವಿಯವನು ಬಂದಾಗ ಮಗ ಕೇಳಿದ, “ಹಂಗಾರ ಇಕಿ ಹೇಳಿಲ್ಲಂತ ಆತಲ್ಲ?”

“ಅದನ್ನ ನಾ ಹೇಳಾಕ ಬರಂಗಿಲ್ರಿ. ದಾರಿ ತೆರದಿತ್ತು, ಅಷ್ಟ. ಯಾರ್ ಬಂದು ಹೋದ್ರು ಅನ್ನು ಗುರುತು ಅದ್ರಾಗ ಉಳದಿಲ್ಲ.”

ಆ ಮಾತಿನಿಂದ ಮನೆಯಲ್ಲಿ ಯಾರಿಗೂ ಸಮಾಧಾನ ಆಗಲಿಲ್ಲ. ಆದರೆ ಅವನು ಸುಳ್ಳು ಹೇಳಿ ನಮ್ಮನ್ನು ಸಮಾಧಾನ ಮಾಡಲಿಲ್ಲ, ಅದು ನನಗೆ ಹಿಡಿಸಿತು. ನಿಮ್ಮಂಥ ಸಣ್ಣ ಧಂದೆಗೆ ದುಬಾರಿ ಸಾಫ್ಟ್‌ವೇರ್ ಬೇಡ, ಪುಕ್ಕಟೆ ಸಿಗುವ ಒಂದನ್ನು ಹಾಕಿಕೊಡುತ್ತೇನೆ, ತಿಂಗಳಿಗೊಮ್ಮೆ ಓಡಿಸಿ, ವರ್ಷಕ್ಕೊಮ್ಮೆ ಯಾರಿಂದಾದರೂ ಒಳಗೆ ಹೊಗಿಸಿ ನೋಡಿ ಅಂದ. “ಆದ್ರ ಅದು ಹೇಳಿದ್ದನ್ನ ಒಬ್ಬರು ಕುಂತು ಓದಬೇಕ್ರಿ. ಇಲ್ಲಂದ್ರ ಇದ್ದೂ ಇಲ್ಲ.”

ಓದುವವರು ಯಾರು? ಮಗ ಕೆಳಗೆ ನೋಡಿದ. ಸೊಸೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

“ನಾ ಓದ್ತೇನಿ. ಆದ್ರ ಏನ್ ಕಂಡ್ರೂ ಮೊದ್ಲ ಅತ್ತಿಯವರಿಗೆ ಹೇಳ್ತೇನಿ. ಇವರಿಗೆ ಹೇಳಂಗಿಲ್ಲ.”

“ನನಗ ಹೇಳಿ ಏನ್ ಮಾಡ್ತೀ? ನನಗೇನ್ ತಿಳಿತೈತಿ?”

“ನೀವು ‘ಯಾವತ್ತ ನೋಡಿದಿ’ ಅಂತಾದ್ರೂ ಕೇಳ್ತೀರಿ,” ಅಂದಳು.

ಮುಂದೆ ಲೋಡು ತಪ್ಪುವುದು ನಿಂತಿತು. ಅವಳ ಅಣ್ಣ ಮಾತ್ರ ಬನ್ನಿ ಕೊಡಲು ನಮ್ಮ ಮನೆಗೆ ಮತ್ತೆ ಬರಲಿಲ್ಲ, ನಾವೂ ಕರೆಯಲಿಲ್ಲ. ಮರುವರ್ಷದ ಖಂಡೇಪೂಜೆಗೆ ಸೊಸೆ ಚಾಲೂ ಇದ್ದ ಕಂಪ್ಯೂಟರಿಗೇ ವಿಭೂತಿ ಹಚ್ಚಿದಳು. ಬಂದ್ ಮಾಡು ಅನ್ನುವ ಧೈರ್ಯ ಮಗನಿಗೆ ಆಗಲಿಲ್ಲ.

ಸೂಟ್‌ಕೇಸಿನಲ್ಲಿ ತುಂಬಿದ ಸೀರೆ ಅವಳು ತಿರುಗಿ ಕಪಾಟಿಗೆ ಇಡಲಿಲ್ಲ. ಬೇಕಾದಾಗ ಅದರಿಂದಲೇ ತೆಗೆದು ಉಡುತ್ತಿದ್ದಳು, ಒಗೆದು ಮಡಚಿ ಅದರಲ್ಲೇ ಇಡುತ್ತಿದ್ದಳು. ಕಸ ಹೊಡೆಯುವಾಗ ನಾನು ಅದನ್ನು ಸರಿಸಿ, ಮತ್ತೆ ಮಂಚದ ಕೆಳಗೆ ನೂಕುತ್ತಿದ್ದೆ. ಭಾರ ಇರುತ್ತಿತ್ತು.