ಕೆಂಪು ಕೂಲಂಟಿನ ಮೇಲೆ ಹಸಿರು ಸುರಿದದ್ದು

ನನ್ನ ಮೊಮ್ಮಗಳು ಟ್ರ್ಯಾಕ್ಟರ್ ಮೆಕ್ಯಾನಿಕ್. ಬಳ್ಳಾರಿಯಲ್ಲಿ ಐಟಿಐ ಓದಿ ಕುರುಗೋಡಿನಲ್ಲಿ ತನ್ನದೇ ಶೆಡ್ಡು ಹಾಕಿದ್ದಾಳೆ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಮೊಮ್ಮಗಳು ಎಂಜಿನ್ ಬಿಚ್ಚಿ ಕೂಡಿಸುತ್ತಾಳೆಂದರೆ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗುವುದಿಲ್ಲ. ಇದೇ ಬಾಯಿಂದಲೇ ಅವಳ ಹೆಸರು ಕೆಡಿಸಿದ್ದೂ ನಾನೇ.

ಅವಳು ಮೊದಲು ಕೈ ಹಾಕಿದ್ದು ನಮ್ಮ ಹೊಸ ಟ್ರ್ಯಾಕ್ಟರಿಗೆ. ರೇಡಿಯೇಟರಿಗೆ ಎಂಜಿನ್ ಬಿಸಿ ಇಳಿಸುವ ಕೆಂಪು ಕೂಲಂಟ್ ತುಂಬಿ, ಇದು ಐದು ವರ್ಷ ಬಾಳುವಂಥದ್ದು, ಹಳೆ ಗಾಡಿಯ ಹಸಿರು ಎರಡೇ ವರ್ಷದ್ದು, ಎರಡಕ್ಕೂ ಬೆರೆಸಿದ ಔಷಧಿ ಬೇರೆ, ಕೂಡಿಸಬೇಡ ಎಂದಿದ್ದಳು. ನಾನು ತಲೆಯಾಡಿಸಿದೆ. ಬಣ್ಣದ ನೀರಿನಲ್ಲಿ ಎಂಥ ಭೇದ ಎಂದು ಒಳಗೇ ನಕ್ಕೆ.

ಕೆಸರುಗದ್ದೆಯ ದುಡಿತ ಮುಗಿದು ಆಯುಧಪೂಜೆ ಬಂದಾಗ ರೇಡಿಯೇಟರಿನಲ್ಲಿ ಕಾಲುಭಾಗ ಇಳಿದಿತ್ತು. ಪೂಜೆಗೆ ನಿಂತ ಗಾಡಿಯಲ್ಲಿ ಯಾವುದೂ ಅರೆಬರೆ ಇರಬಾರದು, ಕಳಸದ ಹಾಗೆ ತುಂಬಿರಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಮೂಲೆಯಲ್ಲಿ ಹಳೆ ಗಾಡಿಯ ಹಸಿರು ಕೂಲಂಟಿನ ಕ್ಯಾನಿತ್ತು. ಸುರಿದು, ಕುಂಕುಮ ಹಚ್ಚಿ, ಗಾಲಿಯಡಿ ನಿಂಬೆಹಣ್ಣಿಟ್ಟೆ.

ಸುಗ್ಗಿ ಮುಗಿದು ಸಿರುಗುಪ್ಪದ ಮಿಲ್ಲಿಗೆ ಭತ್ತ ಹೇರಿಕೊಂಡು ಹೋದಾಗ ಗೇಟಿನ ಸಾಲಿನಲ್ಲೇ ಎಂಜಿನ್ ಕುದಿದು ಹಬೆ ಕಕ್ಕಿತು. ಜನ ಸೇರಿದರು. ನನ್ನ ಬಾಯಿಂದ ಬಂದದ್ದು ಇಷ್ಟು:

“ನಮ್ಮ ಹುಡುಗಿ ಕೈ ಹಾಕ್ಯಾಳ ನೋಡ್ರಿ, ಇನ್ನೇನಾಗ್ತೈತಿ.”

ತನ್ನ ಗಾಡಿಯನ್ನು ಅವಳ ಶೆಡ್ಡಿಗೇ ತರುತ್ತೇನೆ ಎಂದಿದ್ದ ಕೊಳಗಲ್ಲಿನ ರೈತನೊಬ್ಬ ಅಲ್ಲೇ ಇದ್ದ. “ನಾ ಬಳ್ಳಾರಿಗೇ ಒಯ್ತೀನಿ ಬಿಡು. ಬಳಿ ಹಾಕೋ ಕೈಗೆ ನಟ್ಟು ಬಿಚ್ಚೋ ಪಾನಾ ಯಾಕ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಫೋನು ಮಾಡಿದ್ದಕ್ಕೆ ಅವಳು ಬಸ್ಸು ಹಿಡಿದು ಬಂದಳು. ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದಳು. ಒಳಗೆ ಕಂದುಬಣ್ಣದ ಲೋಳೆ, ರಾಗಿ ಅಂಬಲಿಯಂತೆ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

“ತಾತ, ಹಸರು ಹಾಕೀಯೇನು?”

ಸುತ್ತ ಜನ. “ಇಲ್ಲವ್ವ,” ಎಂದೆ.

ಅವಳು ರೇಡಿಯೇಟರ್ ಖಾಲಿ ಮಾಡಿದಳು. ನಾಲ್ಕು ಸಲ ನೀರು ಬಿಟ್ಟು ತೊಳೆದಳು. ಆ ರೈತ ಬಳೆಯ ಮಾತನ್ನು ಮತ್ತೊಮ್ಮೆ ಆಡಿದ. ಅವಳು ಕೈ ಒರೆಸಲು ಚಿಂದಿಬಟ್ಟೆ ಬೇಕೆಂದು ಸೀಟಿನ ಕೆಳಗಿನ ಪೆಟ್ಟಿಗೆ ತೆರೆದಳು. ದಾರಿಯಲ್ಲಿ ಬೇಕಾದೀತೆಂದು ನಾನು ತಂದಿದ್ದ ಹಸಿರು ಕ್ಯಾನು ಅದರಲ್ಲೇ ಇತ್ತು. ಅದನ್ನು ನೋಡಿದಳು, ಯಾರಿಗೂ ಕಾಣದಂತೆ ಗೋಣಿಚೀಲ ಹೊದಿಸಿ ಪೆಟ್ಟಿಗೆ ಮುಚ್ಚಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪೆಟ್ಟಿಗೆ ತೆರೆದು ಕ್ಯಾನನ್ನು ಎಲ್ಲರ ಮುಂದೆ ಎತ್ತಿ ಹಿಡಿದೆ.

“ಇದನ್ನ ಸುರಿದಾಂವ ನಾನು. ಆಕಿ ಬ್ಯಾಡ ಅಂದಿದ್ಲು. ಆಕಿ ಕೆಲಸದಾಗ ತಪ್ಪಿಲ್ಲ.”

ಯಾರೂ ನಗಲಿಲ್ಲ. ಆ ರೈತ, ತನ್ನ ಗಾಡಿಯಲ್ಲೂ ಹಸಿರೇ ಇದೆ, ಬೇರೆ ಕಂಪನಿಯ ಹಸಿರು ಹಾಕಬಹುದೇ ಎಂದು ಅವಳನ್ನೇ ಕೇಳಿದ.

“ಬಣ್ಣ ನಂಬಬ್ಯಾಡ್ರಿ ಅಣ್ಣ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕ್ತೈತಿ. ಗಾಡಿ ಬುಕ್ಕಿನ್ಯಾಗ ಏನೈತೋ ಅದನ್ನ ಹಾಕ್ರಿ.”

ತನಗೆ ಓದಲು ಬರುವುದಿಲ್ಲ ಎಂದ.

“ಹಂಗಾರ ಶೆಡ್ಡಿಗೆ ತರ್ರಿ.”

ಸದ್ಯಕ್ಕೆ ಬರೀ ನೀರು ತುಂಬಿ, ಭತ್ತ ಇಳಿಸಿ, ಕುರುಗೋಡಿನ ಶೆಡ್ಡಿನವರೆಗೆ ಅವಳೇ ಗಾಡಿ ಓಡಿಸಿದಳು. ನಾನು ಪಕ್ಕದಲ್ಲಿ ಕುಳಿತು ಎಂಜಿನ್ ಬಿಸಿ ತೋರುವ ಮುಳ್ಳು ಏರುತ್ತದೇನೋ ಎಂದು ನೋಡುತ್ತಲೇ ಇದ್ದೆ. ಅದು ಏರುವುದಿಲ್ಲ ಎಂದು ಗೊತ್ತಿತ್ತು. ಅವಳ ಮುಖ ನೋಡಲು ಧೈರ್ಯವಿರಲಿಲ್ಲ.